ಕಲ್ಲುಣ್ಣೆಯ ಬೆಳೆಗೆ ನೀರೂ ಗೊಬ್ಬರವೂ

ಕಳೆದ ದೀಪಾವಳಿಗೆ ಮುಂಚೆ ಇಂಡಿ ತಾಲೂಕಿನ ನಮ್ಮ ಊರಿಂದ ಹಿರಿಯರೊಬ್ಬರು ಫೋನು ಮಾಡಿದರು. ಅವರ ಮಗ ನಾವು ಊರ ಸಾಲಿಯಲ್ಲಿದ್ದಾಗ ನಮ್ಮ ಕೈಯಲ್ಲಿ ಕಲಿತವನು. ಈಗ ವಾಸ್ಕೋದಲ್ಲಿ ದುಡಿಯುತ್ತಾನೆ. ಹಿರಿಯರು ಕ್ಷೇಮಸಮಾಚಾರ ಕೇಳುವುದಕ್ಕೂ ನಿಲ್ಲಲಿಲ್ಲ.

"ಮಾಸ್ತರ, ನಮ್ಮ ಹುಡುಗ ಇನ್ನ ಮಣ್ಣಿನ ಕೆಲಸಾನ ಬ್ಯಾಡ ಅಂತಾನ. ಹಳ್ಳದ ದಂಡಿ ಮ್ಯಾಲಿನ ಎರಡ ಎಕರೆ ಮಾರಿ, ಕಲ್ಲಿನ ಉಣ್ಣಿಯೊಳಗ ಟೊಮ್ಯಾಟೊ ಬೆಳಿತೀನಿ ಅಂತ ಹಟಾ ಹಿಡದಾನ. ನೀವೂ ಅದನ್ನ ಮಾಡೀರಂತ. ಖರೇನ ಅದರಾಗ ಬೆಳಿ ಬರತೈತೇನ್ರಿ?"

"ಬರತೈತಿ," ಎಂದೆವು. "ಆದರ ಹೊಲಾ ಮಾರೂದು ಈಗ ಬ್ಯಾಡ. ಸ್ವಲ್ಪ ತಡೀರಿ, ಬರದು ಕಳಸ್ತೀವಿ."

ಹಾಗೆ ಬರೆಯಲು ಕುಳಿತ ಕಾಗದವೇ ಬೆಳೆದು ಈ ಲೇಖನವಾಗಿದೆ. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡ ತರುಣರು ಗಡಿಭಾಗದಲ್ಲಿ ಇನ್ನೂ ಹಲವರಿರಬಹುದೆಂದು ಇದನ್ನು ಒಕ್ಕಲುತನದ ಪುಟಕ್ಕೆ ಕಳುಹಿಸುತ್ತಿದ್ದೇವೆ.

ದಾಬೋಲಿಮ್ ನೋಡದವರಿಗೆ ಎರಡು ಮಾತು. ಇದು ಗೋವೆಯ ಮುರ್ಗಾಂವ ತಾಲೂಕಿನಲ್ಲಿ ವಾಸ್ಕೋ ಪಟ್ಟಣದ ಮಗ್ಗುಲಿನ ಊರು. ವಿಮಾನ ನಿಲ್ದಾಣದಿಂದ ಹೆಸರಾದದ್ದು. ಗುಡ್ಡದ ನೆತ್ತಿಯೆಲ್ಲ ಜಂಬಿಟ್ಟಿಗೆ ಕಲ್ಲು. ಗುದ್ದಲಿ ಹಾಕಿದರೆ ಖಣ್ ಎನ್ನುತ್ತದೆ. ವಾಸ್ಕೋ, ಬಾಯ್ನಾ, ಜುವಾರಿನಗರಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ದುಡಿಯಲು ಬಂದ ಕನ್ನಡ ಸಂಸಾರಗಳು ಬಹಳ. ಊರಲ್ಲಿ ಎರೆಭೂಮಿಯನ್ನು ಬಿಟ್ಟುಬಂದವರಿಗೆ ಇಲ್ಲಿ ಒಂದು ತುಳಸಿ ಹಚ್ಚಲು ಬೊಗಸೆ ಮಣ್ಣು ಹುಡುಕಬೇಕಾಗುತ್ತದೆ. ನಾವೂ ಅಂಥವರೇ. ಊರಿನ ನಾಲ್ಕು ಎಕರೆಯನ್ನು ತಮ್ಮನ ಕೂಡ ಪಾಲಿನಿಂದ ನಡೆಸುತ್ತ, ಇಲ್ಲಿ ಸಾಲಿ ಕಲಿಸುತ್ತ, ಬಾಡಿಗೆ ಮನೆಯ ಮಾಳಿಗೆಯ ಮೇಲೆ ಈ ಪ್ರಯೋಗ ಮಾಡಿದೆವು. ಮಾಡಿ ನೋಡದ ಮಾತನ್ನು ಮಕ್ಕಳಿಗೆ ಹೇಳಬಾರದೆಂದು ಟ್ರೇನಿಂಗ್ ಕಾಲೇಜಿನಲ್ಲಿ ನಮಗೆ ಕಲಿಸಿದ್ದರು. ಒಕ್ಕಲುತನದಲ್ಲಿಯೂ ನಾವು ಆ ನಿಯಮವನ್ನು ಇಟ್ಟುಕೊಂಡಿದ್ದೇವೆ.

ಕಲ್ಲುಣ್ಣೆ ಎಂದರೇನು?

ರಾಕ್‌ವೂಲ್ ಎಂದರೆ ಕಲ್ಲಿನ ಉಣ್ಣೆ. ಇದು ಒಗಟಲ್ಲ. ನಮ್ಮ ವಿಜಯಪುರ, ಬೆಳಗಾವಿ ಕಡೆಯ ಕರಿಕಲ್ಲು ಇದೆಯಲ್ಲ, ಅದೇ ಜಾತಿಯ ಬಸಾಲ್ಟ್ ಕಲ್ಲನ್ನು ಕುಲುಮೆಯಲ್ಲಿ ಸುಮಾರು ೧೫೦೦ ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸುತ್ತಾರೆ. ಕರಗಿದ ಕಲ್ಲನ್ನು ಭರದಿಂದ ತಿರುಗುವ ಚಕ್ರಗಳ ಮೇಲೆ ಬಿಟ್ಟರೆ ಅದು ಜಾತ್ರೆಯಲ್ಲಿ ಮಾರುವ ಸಕ್ಕರೆಯ ಬೊಂಬಾಯಿ ಮಿಠಾಯಿಯಂತೆ ಎಳೆಎಳೆಯಾಗಿ ಹಾರುತ್ತದೆ. ಆ ಎಳೆಗಳನ್ನು ಅಂಟಿನಿಂದ ಒತ್ತಿ ಇಟ್ಟಿಗೆಯಾಗಿ, ಹಾಸಾಗಿ ಕೊಯ್ಯುತ್ತಾರೆ. ನೂರು ಪಾಲಿನಲ್ಲಿ ತೊಂಬತ್ತೈದಕ್ಕೂ ಹೆಚ್ಚು ಪಾಲು ಬರಿಯ ಟೊಳ್ಳು. ನೀರಿಗೂ ಗಾಳಿಗೂ ಜಾಗ.

ಮಣ್ಣಿಲ್ಲದ ಬೇಸಾಯ ಹೊಸದಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಗೆರಿಕೆ ಎಂಬ ಪಂಡಿತರು ೧೯೩೭ರಲ್ಲಿ ಇದಕ್ಕೆ ಹೈಡ್ರೊಪೋನಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದರು. ೧೯೪೦ರ ದಶಕದಲ್ಲಿ ನಮ್ಮ ದೇಶದ ಕಾಲಿಂಪಾಂಗ್‌ನಲ್ಲಿ ಶೋಲ್ಟೊ ಡಗ್ಲಸ್ ಎಂಬವರು ಉಸುಕು, ಜಲ್ಲಿಗಳಲ್ಲಿ ಬಡವರಿಗೂ ಆಗುವಂತೆ ಇದನ್ನು ಮಾಡಿ ತೋರಿಸಿದರು. ಅದಕ್ಕೆ ಬಂಗಾಲದ ಪದ್ಧತಿ ಎಂದು ಹೆಸರು. ಕಟ್ಟಡಗಳಿಗೆ ಬಿಸಿಲು-ಚಳಿ ತಾಗದಂತೆ ಹಾಕುತ್ತಿದ್ದ ಕಲ್ಲುಣ್ಣೆಯಲ್ಲಿ ಗಿಡ ಬೆಳೆಯಬಹುದೆಂದು ಡೆನ್ಮಾರ್ಕಿನವರು ೧೯೬೯ರ ಸುಮಾರಿಗೆ ಕಂಡುಕೊಂಡರು. ಮುಂದೆ ಹಾಲೆಂಡಿನ ಗಾಜಿನ ಮನೆಗಳ ಟೊಮ್ಯಾಟೊ, ಸವತೆ ಇದರ ಮೇಲೆಯೇ ಬೆಳೆಯತೊಡಗಿದವು. ಗೋವೆಯಲ್ಲಿಯೂ ಹಳೇ ಗೋವೆಯ ಐಸಿಎಆರ್ ಸಂಶೋಧನ ಕೇಂದ್ರದವರು ೨೦೧೦ರ ದಶಕದಲ್ಲಿ ಗೋವಿನಜೋಳವನ್ನು ಮಣ್ಣಿಲ್ಲದೆ ಹಸಿಮೇವಾಗಿ ಬೆಳೆಯುವ ಪ್ರಯೋಗಗಳನ್ನು ಮಾಡಿದ್ದಾರೆ.

ಇಷ್ಟು ತಿಳಿದುಕೊಂಡು ನಾವು ಕೆಲಸಕ್ಕೆ ಕೈ ಹಾಕಿದೆವು. ಹಾಕಿದ ಮೊದಲ ಹೆಜ್ಜೆಯೇ ತಪ್ಪಿತು.

ಅಗ್ಗದ ಮಾಲು

ವಾಸ್ಕೋ ಬಂದರದ ಊರು. ಹಡಗಿನ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಕಲ್ಲುಣ್ಣೆಯ ಹಾಸು ಬಲು ಸೋವಿಯಾಗಿ ಸಿಕ್ಕಿತು. ಅಂಗಡಿಯವನು, "ಉಣ್ಣೆ ಎಲ್ಲಾ ಒಂದ, ಮಾಸ್ತರ್," ಎಂದ. ನಾವೂ ನಂಬಿ ನಾಲ್ಕು ಹಾಸು ಹೊತ್ತು ತಂದೆವು. ಮೇಲೆ ನೀರು ಸುರಿದರೆ ಕೆಸುವಿನ ಎಲೆಯ ಮೇಲೆ ಸುರಿದಂತಾಯಿತು. ಮುತ್ತುಮುತ್ತಾಗಿ ಉರುಳಿ ಕೆಳಗೆ ಬಿತ್ತು. ಶಾಖ ತಡೆಯುವ ಕಲ್ಲುಣ್ಣೆಗೆ ನೀರು ಹಿಡಿಯದಂತೆ ಎಣ್ಣೆಯಂಥ ಪದಾರ್ಥವನ್ನು ಸೇರಿಸಿರುತ್ತಾರೆಂದು ಆಮೇಲೆ ತಿಳಿಯಿತು. ಬೆಳೆಗೆಂದು ತಯಾರಿಸಿದ ಕಲ್ಲುಣ್ಣೆಯೇ ಬೇರೆ. ಅದು ನೀರನ್ನು ಹೀರಿಕೊಳ್ಳುತ್ತದೆ. ಕೊಳ್ಳುವ ಮುಂಚೆ ಒಂದು ತುಂಡಿನ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿರಿ. ಇಷ್ಟೇ ಪರೀಕ್ಷೆ. ನಾವು ಅದನ್ನು ಮಾಡದೆ ದುಡ್ಡು ಕಳೆದುಕೊಂಡೆವು.

ಇನ್ನೊಂದು ಎಚ್ಚರಿಕೆ. ಒಣಗಿದ ಕಲ್ಲುಣ್ಣೆಯ ಎಳೆ ಚರ್ಮಕ್ಕೆ ತಾಗಿದರೆ ನವೆ. ಗಂಟಲಿಗೆ ಹೋದರೆ ಕೆಮ್ಮು. ಮುಟ್ಟುವಾಗ ಕೈಚೀಲ ಹಾಕಿಕೊಂಡು, ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳತಕ್ಕದ್ದು. ತೋಯ್ದ ಮೇಲೆ ಈ ಕಾಟವಿಲ್ಲ.

ಮೊದಲು ತೋಯಿಸುವುದು

ಹೊಸ ಕಲ್ಲುಣ್ಣೆಯಲ್ಲಿ ಕ್ಷಾರದ ಗುಣ ಹೆಚ್ಚು. ನೀರಿನ ಹುಳಿ-ಕ್ಷಾರವನ್ನು ಅಳೆಯುವ ಮಾನಕ್ಕೆ ಪಿಎಚ್ ಎನ್ನುತ್ತಾರೆ. ೭ ಎಂದರೆ ಸಮ; ಅದಕ್ಕೆ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಗಿಡದ ಬೇರಿಗೆ ಸೇರುವುದು ೫.೫ರಿಂದ ೬.೫ರ ನಡುವಿನ ಎಳೆಹುಳಿ. ಆದ್ದರಿಂದ ಸಸಿಯ ಇಟ್ಟಿಗೆಗಳನ್ನು ೫.೫ಕ್ಕೆ ತಂದ ನೀರಿನಲ್ಲಿ ಒಂದು ಹಗಲು ಒಂದು ರಾತ್ರಿ ನೆನೆಯಿಡಬೇಕು. ೫ಕ್ಕಿಂತ ಕೆಳಗೆ ಇಳಿಸಬಾರದು. ಹುಳಿ ಹೆಚ್ಚಾದರೆ ಎಳೆಗಳಿಗೇ ಕೆಡಕು. ನೀರಿಗೆ ಹುಳಿ ತರಲು ಫಾಸ್ಫರಿಕ್ ಅಥವಾ ನೈಟ್ರಿಕ್ ಆಮ್ಲವನ್ನು ತೊಟ್ಟುತೊಟ್ಟಾಗಿ ಬಳಸುತ್ತಾರೆ. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಹಾಕಬಾರದು. ಸಿಡಿದು ಕಣ್ಣಿಗೆ ಬಿದ್ದೀತು. ಈ ಕೆಲಸದಲ್ಲಿ ಮಕ್ಕಳು ಹತ್ತಿರ ಇರಕೂಡದು.

ದೊಡ್ಡ ಹಾಸುಗಳು ಪ್ಲಾಸ್ಟಿಕ್ ಹೊದಿಕೆಯಲ್ಲಿ ಬರುತ್ತವೆ. ಹೊದಿಕೆಯ ಮೇಲೆ ಕಿಂಡಿ ಕೊಯ್ದು, ಒಳಗೆ ಗೊಬ್ಬರದ ನೀರನ್ನು ತುಂಬ ತುಂಬಿಸಿ ಒಂದು ದಿನ ಬಿಡಬೇಕು. ಮೂಲೆ ಮೂಲೆಯೂ ನೆನೆದ ಮೇಲೆಯೇ ಕೆಳಬದಿಯಲ್ಲಿ ನೀರು ಬಸಿಯುವ ಸೀಳು ಕೊಯ್ಯತಕ್ಕದ್ದು. ಸೀಳು ಗಿಡದ ಬುಡಕ್ಕೆ ನೇರವಾಗಿ ಇರಬಾರದು. ಎರಡು ಗಿಡಗಳ ನಡುವೆ ಇರಬೇಕು. ಬುಡಕ್ಕೇ ಸೀಳಿದರೆ ಮೇಲಿಂದ ಬಿದ್ದ ಹನಿ ಬೇರನ್ನು ಮಾತಾಡಿಸದೆ ಓಡಿಹೋಗುತ್ತದೆ. ತೋಯ್ದ ಇಟ್ಟಿಗೆಯನ್ನು ಅರಿವೆ ಹಿಂಡಿದಂತೆ ಹಿಂಡಬಾರದು. ಹಿಂಡಿದರೆ ಎಳೆಗಳು ಕುಸಿದು ಗಾಳಿಯ ಜಾಗ ಹೋಗುತ್ತದೆ.

ಗೊಬ್ಬರದ ನೀರು

ನಮ್ಮ ಮಾಳಿಗೆಯಿಂದ ನೋಡಿದರೆ ಜುವಾರಿನಗರದ ದಿಕ್ಕು ಕಾಣುತ್ತದೆ. ಅಲ್ಲಿ ೧೯೭೦ರ ದಶಕದಲ್ಲಿ ದೊಡ್ಡ ರಸಗೊಬ್ಬರದ ಕಾರಖಾನೆ ಶುರುವಾಯಿತು. ನಮ್ಮ ವಿದ್ಯಾರ್ಥಿ ಅದನ್ನು ತೋರಿಸಿ, "ಸರ, ಗೊಬ್ಬರ ಮನೀ ಬಾಗಿಲಿಗೇ ಐತಿ, ಯೂರಿಯಾ ಕಲಿಸಿ ಬಿಟ್ಟರಾಯಿತಲ್ಲ?" ಎಂದು ಕೇಳಿದ. ಹೀಗೆ ಕೇಳುವವನು ಅವನೊಬ್ಬನೇ ಅಲ್ಲ.

ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಒಡೆದು ಗಿಡ ಉಣ್ಣುವ ರೂಪಕ್ಕೆ ತರುತ್ತವೆ. ಹೊಸ ಕಲ್ಲುಣ್ಣೆಯಲ್ಲಿ ಆ ಅಡಿಗೆಯವರು ಇಲ್ಲ. ಇಲ್ಲಿ ಗಿಡಕ್ಕೆ ಅಕ್ಕಿ ಕೊಟ್ಟರೆ ಸಾಲದು, ಅನ್ನವನ್ನೇ ಬಡಿಸಬೇಕು; ಅಂದರೆ ಸಾರಜನಕದ ಹೆಚ್ಚು ಪಾಲು ನೈಟ್ರೇಟಿನ ರೂಪದಲ್ಲಿಯೇ ಇರಬೇಕು. ಸಗಣಿ ಗೊಬ್ಬರದ ತಿಳಿಯೂ ಇಲ್ಲಿ ಸಲ್ಲದು. ನಳಿಗೆಯ ಬಾಯಿ ಕಟ್ಟುತ್ತದೆ, ಬೇರು ಕೊಳೆಯುತ್ತದೆ.

ನಾವು ಟೊಮ್ಯಾಟೊ, ಮೆಣಸಿನ ಗಿಡಗಳಿಗೆ ೧೦೦ ಲೀಟರು ನೀರಿಗೆ ಹಾಕುವ ಲೆಕ್ಕ ಹೀಗಿದೆ. ಕ್ಯಾಲ್ಸಿಯಂ ನೈಟ್ರೇಟ್ ೯೦ ಗ್ರಾಮು, ಪೊಟ್ಯಾಸಿಯಂ ನೈಟ್ರೇಟ್ ೪೦ ಗ್ರಾಮು, ಮೊನೊ ಪೊಟ್ಯಾಸಿಯಂ ಫಾಸ್ಫೇಟ್ ೨೦ ಗ್ರಾಮು, ಮೆಗ್ನೀಸಿಯಂ ಸಲ್ಫೇಟ್ ೪೦ ಗ್ರಾಮು, ಚೀಲೇಟ್ ರೂಪದ ಕಬ್ಬಿಣ ೨ ಗ್ರಾಮು. ಇವಲ್ಲದೆ ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಂ ಎಂಬ ಐದು ಬೇಕು. ಅವು ಬೇಕಾಗುವುದು ಚಿನ್ನ ತೂಗುವ ತಕ್ಕಡಿಗೂ ಸಿಗದಷ್ಟು ಅಲ್ಪ. ಆದ್ದರಿಂದ ಸಿದ್ಧಮಿಶ್ರಣದ ಪೊಟ್ಟಣವನ್ನು ತಂದು ಅದರ ಮೇಲೆ ಬರೆದ ಪ್ರಮಾಣದಲ್ಲಿಯೇ ಹಾಕುವುದು ಕ್ಷೇಮ. ಅಲ್ಪವೆಂದು ಬಿಟ್ಟರೂ ಕೇಡು, ಇನ್ನಷ್ಟು ಇರಲಿ ಎಂದು ಸುರಿದರೂ ಕೇಡು.

ಕಲಸುವುದರಲ್ಲಿ ಒಂದು ಕಟ್ಟುನಿಟ್ಟು ಉಂಟು. ಕ್ಯಾಲ್ಸಿಯಂ ನೈಟ್ರೇಟನ್ನು ಗಟ್ಟಿಯಾಗಿರುವಾಗ ಸಲ್ಫೇಟು, ಫಾಸ್ಫೇಟುಗಳ ಜೊತೆ ಸೇರಿಸಬಾರದು. ಸೇರಿಸಿದರೆ ಅವು ಒಂದನ್ನೊಂದು ಹಿಡಿದು ಸುಣ್ಣದ ಗಸಿಯಂತೆ ತಳಕ್ಕೆ ಕೂಡುತ್ತವೆ. ಗಿಡಕ್ಕೆ ಹೋಗಬೇಕಾದ ಊಟ ಪೀಪಾಯಿಯ ತಳಕ್ಕೆ ಹೋಗುತ್ತದೆ. ದೊಡ್ಡ ತೋಟದವರು ಇದಕ್ಕಾಗಿಯೇ ಎರಡು ತೊಟ್ಟಿ ಇಡುತ್ತಾರೆ: ಒಂದರಲ್ಲಿ ಕ್ಯಾಲ್ಸಿಯಂ ಮತ್ತು ಕಬ್ಬಿಣ, ಇನ್ನೊಂದರಲ್ಲಿ ಉಳಿದವು. ನಮ್ಮಂಥವರು ಪೀಪಾಯಿಯಲ್ಲಿ ಮುಕ್ಕಾಲು ನೀರು ತುಂಬಿ, ಉಳಿದ ಉಪ್ಪುಗಳನ್ನು ಒಂದೊಂದಾಗಿ ಬೇರೆ ತಂಬಿಗೆಯಲ್ಲಿ ಕರಗಿಸಿ ಹಾಕಿ ಕಲಕಿ, ಕಟ್ಟಕಡೆಗೆ ಬೇರೆ ಬಕೀಟಿನಲ್ಲಿ ಕರಗಿಸಿದ ಕ್ಯಾಲ್ಸಿಯಂ ನೈಟ್ರೇಟನ್ನು ಹಾಕಿದರೆ ಸಾಕು. ಕೊನೆಗೆ ಪಿಎಚ್ ನೋಡಿ ೫.೮ರ ಆಸುಪಾಸಿಗೆ ತರಬೇಕು.

ನೀರಿನಲ್ಲಿ ಉಪ್ಪು ಎಷ್ಟಿದೆ ಎಂಬುದನ್ನು ತೋರಿಸುವ ಇನ್ನೊಂದು ಮೀಟರು ಬೇಕು. ಅದರ ಅಳತೆಗೆ ಈಸಿ ಎನ್ನುತ್ತಾರೆ. ಮೇಲಿನ ಲೆಕ್ಕದ ನೀರು ಸುಮಾರು ೧.೮ ತೋರಿಸುತ್ತದೆ, ನಿಮ್ಮ ನೀರಿನ ಸ್ವಂತ ಉಪ್ಪು ಅದರ ಮೇಲೆ ಸೇರುತ್ತದೆ. ಎಳೆಯ ಸಸಿಗೆ ಇದರ ಅರ್ಧದಷ್ಟು ಸಾಕು. ಪಾಲಕ್, ಸಲಾಡ್ ಸೊಪ್ಪುಗಳಿಗೆ ೧.೨ರಿಂದ ೧.೮. ಕಾಯಿ ಹಿಡಿದ ಟೊಮ್ಯಾಟೊಗೆ ೨ಕ್ಕಿಂತ ಮೇಲೆ ಹೋದರೂ ನಡೆಯುತ್ತದೆ. ಯೂರಿಯಾ ಈ ಮೀಟರಿಗೆ ಕಾಣುವುದೇ ಇಲ್ಲವೆಂಬುದನ್ನೂ ನೆನಪಿಡಬೇಕು. ಮೀಟರು ನೋಡಿ ಸುಮ್ಮನಿದ್ದವನ ಗಿಡ ಅದರ ದೆಸೆಯಿಂದ ಸುಟ್ಟೀತು.

ಉದರಿ ಇಲ್ಲದ ಅಂಗಡಿ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಕಡೆಯ ಕಿರಾಣಿ ಅಂಗಡಿಗಳಲ್ಲಿ "ಇಂದು ರೋಖ, ನಾಳೆ ಉದರಿ" ಎಂದು ಬರೆದ ಫಲಕವನ್ನು ಎಲ್ಲರೂ ನೋಡಿದ್ದೇವೆ. ಕಲ್ಲುಣ್ಣೆ ಅಂಥ ಅಂಗಡಿ. ಎರೆಭೂಮಿ ಹಾಗಲ್ಲ; ಅದು ಉದರಿ ಕೊಡುವ ಸಾವುಕಾರ.

ಲೆಕ್ಕ ಮಾಡಿ ನೋಡಿರಿ. ಒಂದು ಮೀಟರು ಉದ್ದ, ೧೫ ಸೆಂಟಿಮೀಟರು ಅಗಲ, ಏಳೂವರೆ ಸೆಂಟಿಮೀಟರು ದಪ್ಪದ ಹಾಸಿನ ಗಾತ್ರ ೧೧ ಲೀಟರಿಗೆ ಸ್ವಲ್ಪ ಮೇಲೆ. ತುಂಬ ನೆನೆದಾಗ ಅದರಲ್ಲಿ ನೀರು ಸುಮಾರು ೯ ಲೀಟರು. ಅದರ ಮೇಲೆ ಮೂರು ಟೊಮ್ಯಾಟೊ ಗಿಡ. ಬೆಳೆದ ಗಿಡ ಬಿಸಿಲಿನ ದಿನ ಒಂದೂವರೆಯಿಂದ ಎರಡು ಲೀಟರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕುಡಿಯುತ್ತದೆ. ಅಂದರೆ ಸಂಗ್ರಹ ಒಂದೂವರೆ ದಿನದ್ದು. ಅದನ್ನೂ ಪೂರಾ ಹೀರಲು ಬಿಟ್ಟರೆ ಗಿಡ ಸತ್ತಂತೆಯೇ. ಆ ಕಡೆ ಒಳ್ಳೆಯ ಎರೆಭೂಮಿಯ ಒಂದು ಚದರ ಮೀಟರು ಜಾಗದಲ್ಲಿ, ಒಂದು ಮೀಟರು ಆಳದವರೆಗೆ, ಬೆಳೆಗೆ ಒದಗುವ ನೀರೇ ೧೫೦ರಿಂದ ೨೦೦ ಲೀಟರು ಕೂಡಿರುತ್ತದೆ. ಅದರ ಬಲದಿಂದಲೇ ನಮ್ಮ ಹಿಂಗಾರಿ ಬಿಳಿಜೋಳ ಬಿತ್ತಿದ ಮೇಲೆ ಒಂದು ಹನಿ ಮಳೆ ಕಾಣದಿದ್ದರೂ ತೆನೆ ಹಾಯುತ್ತದೆ.

ಗೊಬ್ಬರದಲ್ಲಿಯೂ ಹಾಗೆಯೇ. ಎರೆಯ ಜಿಗುಟು ಕಣಗಳು ಸುಣ್ಣ, ಪೊಟ್ಯಾಷುಗಳನ್ನು ಹಿಡಿದಿಟ್ಟುಕೊಂಡು ಬೇಕಾದಂತೆ ಬಿಡುತ್ತವೆ. ಹುಳಿ-ಕ್ಷಾರದ ಏರುಪೇರನ್ನು ನುಂಗಿಕೊಳ್ಳುತ್ತವೆ. ಕಲ್ಲುಣ್ಣೆ ಏನನ್ನೂ ಹಿಡಿಯುವುದಿಲ್ಲ. ಇಂದು ಮುಂಜಾನೆ ನೀವು ಏನು ಕೊಟ್ಟಿರೋ ಅದೇ ಗಿಡದ ಮಧ್ಯಾಹ್ನದ ಊಟ. ಮರೆತರೆ ಉಪವಾಸ, ಹೆಚ್ಚು ಹಾಕಿದರೆ ಅಜೀರ್ಣ. ಆದ್ದರಿಂದ ಇಲ್ಲಿ ನೀರು ಬೇರೆ, ಗೊಬ್ಬರ ಬೇರೆ ಎಂಬ ಮಾತಿಲ್ಲ. ಪ್ರತಿಯೊಂದು ನೀರೂ ಗೊಬ್ಬರದ ನೀರೇ.

ಯಾವಾಗ, ಎಷ್ಟು?

ಕಾಲುವೆ ಕಡಿದು ಮಡಿ ತುಂಬಿಸಿದ ಕೈಗೆ ಇಲ್ಲಿಯ ನೀರು ಹಾಯಿಸುವುದು ಮಕ್ಕಳಾಟದಂತೆ ಕಂಡೀತು. ಸೂತ್ರ ಒಂದೇ: ಸ್ವಲ್ಪ ಸ್ವಲ್ಪ, ಹಲವು ಸಲ. ಗಂಟೆಗೆ ೨ ಲೀಟರು ಬಿಡುವ ಹನಿಬಾಯಿ ಮೂರು ನಿಮಿಷ ನಡೆದರೆ ೧೦೦ ಮಿಲಿಲೀಟರು, ಅಂದರೆ ಒಂದು ಸಣ್ಣ ಚಹದ ಕಪ್ಪಿನಷ್ಟು ಬೀಳುತ್ತದೆ. ಒಂದು ಸಲಕ್ಕೆ ಒಂದು ಗಿಡಕ್ಕೆ ಅಷ್ಟು ಸಾಕು.

ಸೂರ್ಯ ಹುಟ್ಟಿ ಒಂದೆರಡು ಗಂಟೆಯ ಮೇಲೆ ಮೊದಲನೆಯ ನೀರು. ಸೂರ್ಯ ಮುಳುಗುವ ಒಂದೆರಡು ಗಂಟೆ ಮುಂಚೆ ಕೊನೆಯದು. ಚೈತ್ರ-ವೈಶಾಖದ ಬಿಸಿಲಿನಲ್ಲಿ ನಾವು ಅರ್ಧ ಗಂಟೆಗೊಮ್ಮೆ, ಹದಿನಾರು-ಹದಿನೆಂಟು ಸಲ ಕೊಟ್ಟಿದ್ದೇವೆ. ಆಷಾಢದಲ್ಲಿ ಮೋಡ ಕವಿದ ದಿನ ನಾಲ್ಕೈದು ಸಲ. ರಾತ್ರಿ ಕೊಡಬಾರದು. ರಾತ್ರಿಯಲ್ಲಿ ಗಿಡ ಸ್ವಲ್ಪ ಕುಡಿದು ಹಾಸು ಹತ್ತರಲ್ಲಿ ಒಂದು ಪಾಲಿನಷ್ಟು ಹಗುರಾಗಬೇಕು. ಆ ಖಾಲಿಯಾದ ಜಾಗಕ್ಕೆ ಗಾಳಿ ಬಂದು ಬೇರು ಉಸಿರಾಡುತ್ತದೆ. ಯಾವಾಗಲೂ ತುಂಬಿ ತುಳುಕುವ ಹಾಸಿನಲ್ಲಿ ಬೇರು ಕಂದಾಗಿ ನಾರುತ್ತದೆ.

ತೂಕವನ್ನು ತಿಳಿಯಲು ಒಂದು ಹಾಸನ್ನು ತಕ್ಕಡಿಯ ಮೇಲಿಟ್ಟರೆ ಉತ್ತಮ. ಅದಿಲ್ಲದಿದ್ದರೆ ಸಸಿಯ ಇಟ್ಟಿಗೆಯನ್ನು ಸಂಜೆಗೊಮ್ಮೆ, ಮುಂಜಾನೆಗೊಮ್ಮೆ ಕೈಯಲ್ಲಿ ಎತ್ತಿ ನೋಡಿರಿ. ನಮ್ಮ ಸಾಲಿಯ ಮಕ್ಕಳು ಎಂಟು ದಿನದಲ್ಲಿ ಇದನ್ನು ಕಲಿತರು. ಆಮೇಲೆ ತಕ್ಕಡಿಗೂ ಅವರ ಕೈಗೂ ಹೆಚ್ಚು ಅಂತರ ಉಳಿಯಲಿಲ್ಲ.

ಪೀಪಾಯಿ ಬಿಸಿಲಿನಲ್ಲಿರಬಾರದು. ನೀರು ೩೦ ಡಿಗ್ರಿ ದಾಟಿದರೆ ಅದರಲ್ಲಿ ಬೇರಿನ ಉಸಿರಿಗೆ ಬೇಕಾದ ಪ್ರಾಣವಾಯು ಕಡಿಮೆಯಾಗಿ ಬೇರುಕೊಳೆ ಸುಲಭವಾಗಿ ಹತ್ತುತ್ತದೆ. ಪೀಪಾಯಿಗೆ ಬಿಳಿ ಬಣ್ಣ, ಮೇಲೆ ತೆಂಗಿನ ಗರಿಯ ನೆರಳು ಬೇಕು. ಬೆಳಕು ಬಿದ್ದಲ್ಲೆಲ್ಲ ಪಾಚಿ ಕಟ್ಟುವುದರಿಂದ ಹಾಸನ್ನೂ ನಳಿಗೆಯನ್ನೂ ಮುಚ್ಚಿಯೇ ಇಡತಕ್ಕದ್ದು.

ಬಸಿನೀರು ಹೇಳುವ ಮಾತು

ನಮ್ಮ ದೊಡ್ಡ ತಪ್ಪನ್ನು ಈಗ ಹೇಳಬೇಕು. ಕೊಟ್ಟ ನೀರಿನಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಪಾಲು ಹಾಸಿನ ಕೆಳಗಿನಿಂದ ಬಸಿದು ಹೊರಗೆ ಹೋಗಬೇಕೆಂದು ಪುಸ್ತಕದಲ್ಲಿತ್ತು. ನಾವು ಓದಿದೆವು, ಆದರೆ ಮನಸ್ಸು ಒಪ್ಪಲಿಲ್ಲ. ವರ್ಷಕ್ಕೆ ೬೦೦ ಮಿಲಿಮೀಟರು ಮಳೆಯೂ ಸರಿಯಾಗಿ ಬೀಳದ ಸೀಮೆಯವರು ನಾವು. ನಮ್ಮ ತಾಯಿ ಮುಖ ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿಸುತ್ತಿದ್ದಳು. ನಾಲ್ಕು ಕೊಡ ಕೊಟ್ಟು ಒಂದು ಕೊಡ ಚೆಲ್ಲುವುದೆಂದರೆ ಪಾಪವೆನಿಸಿತು. ಆದ್ದರಿಂದ ಒಂದು ತೊಟ್ಟೂ ಬಸಿಯದಂತೆ ಅಳೆದು ಅಳೆದು ಕೊಟ್ಟೆವು. ಜಾಣತನವೆಂದು ಒಳಗೊಳಗೆ ಹೆಮ್ಮೆಯೂ ಆಯಿತು.

ಏಪ್ರಿಲ್ ತಿಂಗಳು. ಕಾಯಿ ತುಂಬಿದ ಹದಿನೆಂಟು ಟೊಮ್ಯಾಟೊ ಗಿಡ. ಎಲೆಯ ಅಂಚು ಕಂದಿ ಸುರುಟಿತು. ನೀರು ಸಾಲದೇನೋ ಎಂದು ಗೊಬ್ಬರದ ನೀರನ್ನೇ ಇನ್ನಷ್ಟು ಗಟ್ಟಿ ಮಾಡಿ ಕೊಟ್ಟೆವು. ನಾಲ್ಕು ದಿನದಲ್ಲಿ ಕಾಯಿಯ ತಳ ಕಪ್ಪಾಗಿ ಕೊಳೆಯತೊಡಗಿತು. ಆಗ ಹಾಸಿನ ಒಳಗಿನ ನೀರನ್ನು ಪಿಚಕಾರಿಯಿಂದ ಎಳೆದು ಮೀಟರಿಗೆ ಹಿಡಿದೆವು. ನಾವು ಕೊಡುತ್ತಿದ್ದುದು ೨.೨, ಒಳಗೆ ಇದ್ದದ್ದು ೫ಕ್ಕೂ ಮೇಲೆ!

ಕಾರಣ ಸರಳ. ಬಿಸಿಲಿನಲ್ಲಿ ಗಿಡ ನೀರನ್ನು ಹೆಚ್ಚು ಕುಡಿಯುತ್ತದೆ, ಉಪ್ಪನ್ನು ಕಡಿಮೆ ಎತ್ತುತ್ತದೆ. ಉಳಿದ ಉಪ್ಪು ಹಾಸಿನಲ್ಲಿ ದಿನದಿನಕ್ಕೆ ಕೂಡುತ್ತದೆ. ಒಳಗೆ ಉಪ್ಪು ಹೆಚ್ಚಾದಂತೆ ಬೇರಿಗೆ ನೀರು ಎಳೆಯುವುದು ಕಷ್ಟ. ನೀರಿನ ಜೊತೆಗೇ ಏರುವ ಕ್ಯಾಲ್ಸಿಯಂ ಕಾಯಿಯ ತುದಿಗೆ ಮುಟ್ಟುವುದಿಲ್ಲ, ತಳ ಕೊಳೆಯುತ್ತದೆ. ನೀರಿನ ನಡುವೆಯೇ ಗಿಡ ಬಾಯಾರಿ ಸಾಯುತ್ತದೆ. ನೀರು ನಿಂತು ಸವಳಾದ ಕಾಲುವೆ ಕೆಳಗಿನ ಜಮೀನುಗಳನ್ನು ನೋಡಿದವರಿಗೆ ಇದು ತಿಳಿಯುವ ಮಾತು. ಅಲ್ಲಿ ಹಲವು ವರ್ಷ ಹಿಡಿಯುವುದು ಇಲ್ಲಿ ಹತ್ತೇ ದಿನದಲ್ಲಿ ಆಗುತ್ತದೆ.

ಹದಿನೆಂಟರಲ್ಲಿ ಹನ್ನೊಂದು ಗಿಡ ಹೋದವು. ಉಳಿದ ಏಳನ್ನು, ತೆಳುವಾದ ಗೊಬ್ಬರದ ನೀರನ್ನು ಧಾರಾಳವಾಗಿ ಹಾಯಿಸಿ ಒಳಗಿನ ಉಪ್ಪು ತೊಳೆದು ಉಳಿಸಿಕೊಂಡೆವು. ಬರಿಯ ನೀರು ಸುರಿಯಲಿಲ್ಲ. ಒಮ್ಮೆಲೆ ಸಪ್ಪೆ ನೀರು ಕೊಟ್ಟರೆ ಬೇರಿಗೆ ಅದೂ ಒಂದು ಪೆಟ್ಟು.

ಅಂದಿನಿಂದ ಬಸಿನೀರನ್ನು ನಾವು ಪ್ರತಿದಿನ ಅಳೆಯುತ್ತೇವೆ. ಕ್ರಮ ಹೀಗೆ. ಹೆಚ್ಚಿಗೆ ಒಂದು ಹನಿಬಾಯಿಯನ್ನು ಖಾಲಿ ಬಾಟಲಿಗೆ ಬಿಡಬೇಕು. ಸಂಜೆ ಅದರಲ್ಲಿ ಇದ್ದದ್ದೇ ಒಂದು ಗಿಡಕ್ಕೆ ಹೋದ ನೀರು. ಒಂದು ಹಾಸಿನ ಕೆಳಗೆ ಪರಾತವಿಟ್ಟು ಬಸಿದದ್ದನ್ನು ಕೂಡಿಸಬೇಕು. ಮೂರು ಗಿಡಕ್ಕೆ ಆರು ಲೀಟರು ಹೋಗಿ ಒಂದೂವರೆ ಲೀಟರು ಬಸಿದರೆ ನಾಲ್ಕರಲ್ಲಿ ಒಂದು ಪಾಲು, ಇದು ಸರಿ. ಬಸಿನೀರಿನ ಈಸಿ ಕೊಟ್ಟ ನೀರಿಗಿಂತ ೧ರಷ್ಟು ಹೆಚ್ಚಾದರೆ ಎಚ್ಚರ: ಮರುದಿನ ಗೊಬ್ಬರ ತೆಳು ಮಾಡಿ ಸಲವನ್ನು ಹೆಚ್ಚಿಸಬೇಕು. ಕಡಿಮೆಯಾದರೆ ಗಿಡ ಹಸಿದಿದೆ: ಗೊಬ್ಬರ ಸ್ವಲ್ಪ ಗಟ್ಟಿಯಾಗಲಿ. ಅದರ ಪಿಎಚ್ ೭ರ ಕಡೆಗೆ ಏರುತ್ತಿದ್ದರೆ ಕೊಡುವ ನೀರನ್ನು ಇನ್ನಿಷ್ಟು ಹುಳಿಯ ಕಡೆಗೆ ತರಬೇಕು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ, ಕಬ್ಬಿಣ ಇದ್ದೂ ಬೇರಿಗೆ ಸಿಗುತ್ತಿಲ್ಲವೆಂದು ತಿಳಿಯಬೇಕು.

ಚೆಲ್ಲುವ ಪಾಪಕ್ಕೆ ಪರಿಹಾರವೂ ಸಿಕ್ಕಿತು. ಬಸಿನೀರನ್ನು ಮೋರಿಗೆ ಬಿಡದೆ ನೆರೆಮನೆಯ ಹಿತ್ತಿಲಿನ ಬಾಳೆಗೂ ತೆಂಗಿಗೂ ಹೊತ್ತು ಹಾಕುತ್ತೇವೆ. ಅವು ಮಣ್ಣಿನಲ್ಲಿವೆ, ಉಳಿದ ಊಟವನ್ನು ತಕರಾರಿಲ್ಲದೆ ಉಣ್ಣುತ್ತವೆ. ಒಂದೇ ಕಡೆ ಸುರಿದು ಬಾವಿಗೆ ಇಳಿಯಲು ಬಿಡಬಾರದು. ನೈಟ್ರೇಟು ಸೇರಿದ ಬಾವಿನೀರು ಎಳೆಗೂಸುಗಳಿಗೆ ಅಪಾಯ.

ಗೋವೆಯ ನೀರು, ನಮ್ಮ ನೀರು

ಗೋವೆಯಲ್ಲಿ ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರು ಮಳೆ. ಮಾಳಿಗೆಯ ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯ ನೀರು ಈ ಬೆಳೆಗೆ ಬೇರೆ ಇಲ್ಲ; ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ವಿಜಯಪುರದ ಕಡೆ ಅನೇಕ ಕೊಳವೆ ಬಾವಿಗಳ ನೀರು ಗಡುಸು, ಕ್ಷಾರ. ಅಂಥ ನೀರೇ ೧.೫ ಈಸಿ ತೋರಿಸಿದರೆ ಗೊಬ್ಬರಕ್ಕೆ ಜಾಗವೆಲ್ಲಿ ಉಳಿಯಿತು? ಆಮ್ಲದ ಖರ್ಚೂ ಏರುತ್ತದೆ. ಆದ್ದರಿಂದ ಇಲ್ಲಿ ಕಂಡದ್ದನ್ನು ಅಲ್ಲಿ ಮಾಡಹೊರಟವನು ಮೊದಲು ತನ್ನ ನೀರನ್ನು ಮಣ್ಣು-ನೀರಿನ ಪರೀಕ್ಷಾಲಯದಲ್ಲಿ ತೋರಿಸತಕ್ಕದ್ದು. ಹಾಸು, ಪಂಪು, ಮನೆ ಎಲ್ಲ ಆಮೇಲಿನ ಮಾತು.

ಕರೆಂಟಿನ ಮಾತೂ ಇದೆ. ಮೇ ತಿಂಗಳ ಮಧ್ಯಾಹ್ನ ಪಂಪು ನಾಲ್ಕು ತಾಸು ನಿಂತರೆ ಬೆಳೆಗೆ ದೊಡ್ಡ ಪೆಟ್ಟು. ಎತ್ತರದಲ್ಲೊಂದು ತುಂಬಿದ ತೊಟ್ಟಿ, ಕೈಯಿಂದ ತಿರುವುವ ಕೀಲಿ ಇರಲೇಬೇಕು.

ನಾರಿನ ದಾರಿ

ಕಲ್ಲುಣ್ಣೆ ನಮ್ಮ ದೇಶದಲ್ಲಿ ಸುಲಭವಾಗಿ ಸಿಗುವುದಿಲ್ಲ, ಅಗ್ಗವೂ ಅಲ್ಲ. ಎರಡು ಮೂರು ಬೆಳೆಯ ಮೇಲೆ ಅದು ಕುಸಿಯುತ್ತದೆ. ಆಮೇಲೆ ಕೊಳೆಯುವುದಿಲ್ಲ, ಸುಡುವುದಿಲ್ಲ. ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಅದನ್ನು ಎಲ್ಲಿ ಎಸೆಯುವುದು?

ಕರಾವಳಿಯವರಿಗೂ ಕಾಸರಗೋಡಿನ ಬಾಂಧವರಿಗೂ, ತಿಪಟೂರು-ಅರಸೀಕೆರೆಯವರಿಗೂ ಬಾಗಿಲಲ್ಲೇ ತೆಂಗಿನ ನಾರಿನ ಪುಡಿ ಬಿದ್ದಿದೆ. ಅದರಲ್ಲಿರುವ ಉಪ್ಪನ್ನು ಸಿಹಿನೀರಿನಿಂದ ಎರಡು ಮೂರು ಸಲ ತೊಳೆದು, ಕ್ಯಾಲ್ಸಿಯಂ ನೈಟ್ರೇಟಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮತ್ತೆ ತೊಳೆದರೆ ಕಲ್ಲುಣ್ಣೆಯ ಕೆಲಸವನ್ನು ಅದು ಮಾಡುತ್ತದೆ. ಗೊಬ್ಬರವನ್ನು ಅಷ್ಟಿಷ್ಟು ಹಿಡಿದಿಟ್ಟುಕೊಳ್ಳುವುದರಿಂದ ಕಲಿಯುವವನ ತಪ್ಪನ್ನು ಸ್ವಲ್ಪ ಸಹಿಸುತ್ತದೆ. ಕೆಲಸ ಮುಗಿದ ಮೇಲೆ ಹೊಲಕ್ಕೆ ಚೆಲ್ಲಿದರೆ ಗೊಬ್ಬರವೇ. ಬಸಿನೀರಿನ ಅಳತೆ ಮಾತ್ರ ಅಲ್ಲಿಯೂ ತಪ್ಪದು. ನಾವೂ ಈಗ ಅರ್ಧ ಮಾಳಿಗೆಯನ್ನು ನಾರಿಗೆ ತಿರುಗಿಸಿದ್ದೇವೆ.

ಕೊನೆಗೆ, ನಮ್ಮ ವಿದ್ಯಾರ್ಥಿಯ ಮಾತು. ಅವನನ್ನು ಮನೆಗೆ ಕರೆದು ಆರು ಗಿಡ, ಎರಡು ಮೀಟರು, ಒಂದು ನೋಟುಬುಕ್ಕು ಕೊಟ್ಟೆವು. "ತಮ್ಮಾ, ಮೂರು ತಿಂಗಳು ಒಂದು ದಿನಾನೂ ಬಿಡದ, ಕೊಟ್ಟ ನೀರು, ಬಸಿದ ನೀರು, ಈಸಿ, ಪಿಎಚ್ ಬರಿ. ಆಮ್ಯಾಲ ಹೊಲದ ಮಾತು," ಎಂದೆವು. ಮೊದಲ ತಿಂಗಳು ನೋಟುಬುಕ್ಕಿನಲ್ಲಿ ಒಂಬತ್ತು ದಿನ ಖಾಲಿ ಇದ್ದವು. ಆ ಒಂಬತ್ತು ದಿನಗಳಲ್ಲಿ ಎರಡು ಗಿಡ ಹೋದವು. ಎರಡನೆಯ ತಿಂಗಳು ಖಾಲಿ ದಿನ ಒಂದೂ ಇರಲಿಲ್ಲ; ಉಳಿದ ನಾಲ್ಕೂ ಕಾಯಿ ಬಿಟ್ಟವು.

ಮೊನ್ನೆ ಅವನೇ ಬಂದು ಹೇಳಿದ: "ಸರ, ಈ ನಾಲ್ಕು ಗಿಡಾ ಕಾಯೋದರಾಗ ಅಪ್ಪನ ಎರಡು ಎಕರೆ ಎಷ್ಟು ಕೆಲಸಾ ತಾನ ಮಾಡಕೋತೈತಿ ಅಂತ ತಿಳೀತು. ಹೊಲಾ ಮಾರೂದಿಲ್ಲ. ಬಾವಿ ನೀರು ಪರೀಕ್ಷಾಕ್ಕ ಕೊಟ್ಟೀನಿ. ಸರಿ ಬಂದರ ಹೊಲದ ಮೂಲ್ಯಾಗ ಸಣ್ಣದೊಂದು ನೆರಳಮನಿ ಹಾಕಿ, ನಾರಿನ್ಯಾಗ ಸಸಿ ಮಾಡಿ ಮಾರತೀನಿ."

ಇದು ತೂಕದ ಮಾತೆಂದು ನಮಗೂ ತೋರಿತು. ಹಿರಿಯರಿಗೆ ಅಂದೇ ಫೋನು ಮಾಡಿ ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದರ ಈ ಸಲ ಹಿಂಗಾರಿ ಬಿತ್ತಾಕ ಹುಡುಗನ್ನ ನಾಕ ದಿನ ಕಳಸ್ರಿ, ಮಾಸ್ತರ," ಎಂದರು.